ಕುಕ್ಕರಿನ ಮೇಲೆ ಕುದುರೆ

ಮರೆತವರಿಗೆ ಮಾತು ನೆನಪಿಸಿಕೊಡುವುದು ನನ್ನ ಕೆಲಸ. ಪಾರ್ಶ್ವವಾಯು ಬಡಿದವರು, ತಲೆಗೆ ಪೆಟ್ಟು ಬಿದ್ದವರು ನನ್ನೆದುರು ಕೂತು ‘ಚಮಚ’ ಎನ್ನುವುದಕ್ಕೆ ಬೆವರುತ್ತಾರೆ. ನಾನು ಚಮಚದ ಚಿತ್ರ ಹಿಡಿದುಕೊಂಡು ಕಾಯುತ್ತೇನೆ. ಸ್ಯಾನ್ ಡಿಯಾಗೋದ ಈ ಭಾಗದಲ್ಲಿ ನನಗೆ ಒಳ್ಳೆಯ ಹೆಸರೇ ಇದೆ, ಸಂಕೋಚವಿಲ್ಲದೆ ಹೇಳುತ್ತೇನೆ. ಹಾಗಾಗಿ ನಾನು ಕೆಡಿಸಿದ ಒಂದು ತಲೆಯ ವಿಷಯವನ್ನೂ ನಾನೇ ಹೇಳಬೇಕು.

‘ಕೆಡಿಸಿದ’ ಎಂದರೆ ನನ್ನ ಗಂಡ ಒಪ್ಪುವುದಿಲ್ಲ. "ಹೊಡೆದೋರು ಯಾರೋ, ಬಿದ್ದೋನು ಯಾರೋ, ನೀನ್ಯಾಕೆ ಮೈಮೇಲೆ ಎಳ್ಕೋತೀಯ?" ಎನ್ನುತ್ತಾನೆ. ಅವನು ಬೆಂಗಳೂರಿನವನು, ಟೆಲಿಕಾಂ ಇಂಜಿನಿಯರ್. ತಪ್ಪು ಎಲ್ಲಿ ಆಯಿತೆಂದು ಬೆರಳಿಟ್ಟು ತೋರಿಸಿದರೆ ಮಾತ್ರ ಅವನ ಲೆಕ್ಕಕ್ಕೆ ಅದು ತಪ್ಪು. ನಾನು ಬೆರಳಿಟ್ಟೇ ತೋರಿಸಬಲ್ಲೆ. ಆದರೆ ಅವನಿಗೆ ಪೂರ್ತಿ ಕೇಳುವ ತಾಳ್ಮೆ ಇಲ್ಲ.

ಎರಡು ಸಾವಿರದ ಎಂಟರಲ್ಲಿ ನಾನು ಧಾರವಾಡದಿಂದ ಓದಲು ಬಂದು ನಾರ್ತ್‌ರಿಜ್‌ನಲ್ಲಿ ಇಳಿದೆ. ಎರಡು ಕೋಣೆಯ ಅಪಾರ್ಟ್‌ಮೆಂಟು, ಮೂರು ಹುಡುಗಿಯರು. ಮೂವರಿಗೂ ಕಾರಿಲ್ಲ. ಇದ್ದ ಒಂದೇ ಆಸ್ತಿ ನಾನು ಹೊತ್ತು ತಂದಿದ್ದ ಪ್ರೆಶರ್ ಕುಕ್ಕರು. ಅದರ ಸೀಟಿ ಕೇಳಿ ಕೆಳಗಿನ ಮನೆಯವನು ಒಂದು ದಿನ ಮೆಟ್ಟಿಲು ಹತ್ತಿ ಓಡಿ ಬಂದ, ಏನೋ ಸಿಡಿಯಿತೆಂದು. ಆರೂವರೆ ಅಡಿಯ ಆಳು, ಬಾಗಿಲಿಗೆ ಬಾಗಿ ನಿಂತಿದ್ದ. ಕುಂದಾಪುರದ ನನ್ನ ರೂಮ್‌ಮೇಟು ಅವನಿಗೆ ಒಂದು ತಟ್ಟೆ ಅನ್ನ ಸಾರು ಕೊಟ್ಟಳು. ಅವನು ಮೂರು ತಟ್ಟೆ ಉಂಡ. ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು, ಆ ಹೊತ್ತಿನಿಂದ ಅವನೂ ಅಕ್ಕ ಎಂದೇ ಕರೆದ. ಅವನು ಆಡಿದ್ದೆಲ್ಲ ಇಂಗ್ಲಿಷೇ ಆದರೂ ನನ್ನ ನೆನಪಿನಲ್ಲಿ ಅವನ ಮಾತುಗಳು ನಮ್ಮೂರ ಕನ್ನಡದಲ್ಲೇ ಕೂತುಬಿಟ್ಟಿವೆ. ಹಾಗೆಯೇ ಬರೆಯುತ್ತೇನೆ, ಮುಂದೆ ಬರುವ ಅವನ ಹೆಂಡತಿಯ ಮಾತುಗಳನ್ನೂ.

ಅವನು ಕ್ವಾರ್ಟರ್‌ಬ್ಯಾಕ್. ಅಮೆರಿಕನ್ ಫುಟ್‌ಬಾಲ್ ನೋಡದವರಿಗೆ ಇಷ್ಟು ಹೇಳಿದರೆ ಸಾಕು. ಹೆಸರಿಗೆ ಫುಟ್‌ಬಾಲು, ಆಡುವುದೆಲ್ಲ ಕೈಯಲ್ಲಿ. ತಂಡದ ಹನ್ನೊಂದು ಜನರಲ್ಲಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎದುರಿನವರು ಅವನನ್ನು ನೆಲಕ್ಕೆ ಕೆಡವಲೆಂದೇ ನುಗ್ಗಿ ಬರುತ್ತಾರೆ. ಅಷ್ಟರೊಳಗೆ ಯಾರಿಗೆ ಎಸೆಯಬೇಕೆಂದು ನೋಡಿ ಎಸೆಯಬೇಕು. ಪ್ರತಿ ಸಲವೂ ಅದಕ್ಕೆ ಮುಂಚೆ ಅವನು ತನ್ನವರಿಗೆಲ್ಲ ಒಂದು ಉದ್ದನೆಯ ಸಾಲು ಹೇಳುತ್ತಾನೆ: ಬಣ್ಣ, ಅಂಕಿ, ಪ್ರಾಣಿ, ಊರು ಎಲ್ಲ ಬೆರೆಸಿದ ಹತ್ತು ಹನ್ನೆರಡು ಪದ. ಯಾರು ಎತ್ತ ಓಡಬೇಕೆನ್ನುವುದು ಆ ಸಾಲಿನಲ್ಲಿರುತ್ತದೆ. ಒಂದು ಪದ ತಪ್ಪಿದರೆ ಎಡಕ್ಕೆ ಹೋಗಬೇಕಾದವನು ಬಲಕ್ಕೆ ಹೋಗುತ್ತಾನೆ, ಚೆಂಡು ಎದುರಾಳಿಯ ಕೈ ಸೇರುತ್ತದೆ. ಅಂಥ ಸಾಲುಗಳು ನೂರಾರು, ಎಲ್ಲ ಬಾಯಿಪಾಠ ಇರಬೇಕು. ಅವೆಲ್ಲ ಇರುವ ದಪ್ಪ ಪುಸ್ತಕಕ್ಕೆ ಪ್ಲೇಬುಕ್ ಎನ್ನುತ್ತಾರೆ.

ಅವನ ತೊಂದರೆ ಇದ್ದದ್ದೇ ಅಲ್ಲಿ. ಎಸೆದರೆ ಚೆಂಡು ಬೀದಿಯ ಆ ತುದಿಯಲ್ಲಿ ನಿಂತವನ ಎದೆಗೇ ಹೋಗಿ ಬೀಳುತ್ತಿತ್ತು. ಒಮ್ಮೆ ನಾನು ಹಿಡಿಯಲು ಹೋಗಿ ಬೆರಳು ಊದಿಸಿಕೊಂಡು ವಾರಗಟ್ಟಲೆ ಚಪಾತಿ ಲಟ್ಟಿಸದೆ ಕೂತೆ. ಆದರೆ ಸಾಲುಗಳು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ತಂಡ ಬೇಸಿಗೆಯ ತರಬೇತಿಗೆ ಕರೆದು ಮೂರನೇ ವಾರಕ್ಕೇ ಕಳಿಸಿತ್ತು. ಕಳಿಸುವ ಪದ್ಧತಿಯೊಂದಿದೆ. ಬೆಳಗ್ಗೆ ಒಬ್ಬ ಬಂದು, ಕೋಚ್ ಕರೆಯುತ್ತಿದ್ದಾರೆ, ಪ್ಲೇಬುಕ್ ತೆಗೆದುಕೊಂಡು ಬಾ ಎನ್ನುತ್ತಾನೆ. ಪುಸ್ತಕ ತಾ ಎಂದರೆ ಮನೆಗೆ ಹೋಗು ಎಂದರ್ಥ. "ಕೈ ಮರೆಯೂದಿಲ್ಲ ಅಕ್ಕಾ, ತಲಿ ಮರೀತದ" ಎಂದು ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಹೇಳಿದ. ಜಿಮ್ಮಿನಲ್ಲಿ ನೆಲ ಒರೆಸುವ ಕೆಲಸ ಮಾಡಿಕೊಂಡು ಮತ್ತೊಂದು ತಂಡದ ಫೋನಿಗೆ ಕಾಯುತ್ತಿದ್ದ.

ನನಗೋ ಆಗ ಪರೀಕ್ಷೆ ಮಾಡಲು ಒಂದು ಆರೋಗ್ಯವಂತ ತಲೆ ಬೇಕಾಗಿತ್ತು. ಹತ್ತು ಪದ ಓದಿ ಹೇಳುವುದು, ಬೇರೆ ಮಾತಾಡಿಸಿ ಇಪ್ಪತ್ತು ನಿಮಿಷ ಕಳೆಯುವುದು, ಮತ್ತೆ ಕೇಳುವುದು. ಕ್ಲಾಸಿನ ಅಭ್ಯಾಸಕ್ಕೆ ಇದನ್ನು ಯಾರ ಮೇಲಾದರೂ ಮಾಡಿ ಬರೆದುಕೊಂಡು ಹೋಗಬೇಕಿತ್ತು. ಅವನು ಬಂದು ಕೂತ. ಮೊದಲ ಸಲ ಹತ್ತರಲ್ಲಿ ಐದು ಹೇಳಿದ. ಮುಖ ಸಣ್ಣಗಾಯಿತು. ನನಗೆ ಪಾಪ ಅನ್ನಿಸಿತು. ಜೊತೆಗೆ ನನ್ನ ಜಾಣತನ ತೋರಿಸುವ ಚಪಲವೂ ಇತ್ತು, ಸುಳ್ಳು ಯಾಕೆ ಹೇಳಲಿ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಬಾಯಿಪಾಠ ಮಾಡುತ್ತಿದ್ದ ಉಪಾಯವನ್ನೇ ಅವನಿಗೆ ಹೇಳಿಕೊಟ್ಟೆ. ಗೊತ್ತಿರುವ ದಾರಿಯಲ್ಲಿ ಹತ್ತು ಜಾಗ ಗುರುತು ಮಾಡಿಕೊಳ್ಳಬೇಕು. ಒಂದೊಂದು ಪದವನ್ನು ಒಂದೊಂದು ಜಾಗದಲ್ಲಿ ಕೂಡಿಸಬೇಕು. ಆಮೇಲೆ ಕಣ್ಣು ಮುಚ್ಚಿ ಆ ದಾರಿಯಲ್ಲಿ ನಡೆಯುತ್ತ ಹೋದರೆ ಆಯಿತು. ನಮ್ಮ ಅಪಾರ್ಟ್‌ಮೆಂಟನ್ನೇ ದಾರಿ ಮಾಡಿದೆವು. ಒಂದು, ಗೇಟು. ಎರಡು, ಟಪಾಲು ಪೆಟ್ಟಿಗೆ. ಮೂರು, ಕುಂಡದಲ್ಲಿ ಒಣಗಿ ನಿಂತ ನಿಂಬೆಗಿಡ. ಹೀಗೆ ಕಿರುಗುಟ್ಟುವ ಮೆಟ್ಟಿಲು, ನಮ್ಮ ಚಪ್ಪಲಿಗಳ ರಾಶಿ ಎಲ್ಲ ದಾಟಿ ಎಂಟನೆಯದು ಒಲೆಯ ಮೇಲಿನ ಕುಕ್ಕರು, ಹತ್ತನೆಯದು ಬಾಲ್ಕನಿ. ಎಣಿಸಿದ್ದು ಕನ್ನಡದಲ್ಲಿ. ಅವನಿಗೆ ಒಂದರಿಂದ ಹತ್ತರವರೆಗೆ ಒಂದೇ ಸಂಜೆಯಲ್ಲಿ ಬಂತು.

ಆ ಸಲದ ಎಂಟನೇ ಪದ ಕುದುರೆ.

"ಕುಕ್ಕರ್ ಮ್ಯಾಲೆ ಕುದರಿ ಕೂಡ್ಸು" ಎಂದೆ. "ಸುಮ್ನ ಅಲ್ಲ, ಸೀಟಿ ಹೊಡದಾಗ ಅದು ಹೌಹಾರಬೇಕು." ಅವನು ಬಿದ್ದು ಬಿದ್ದು ನಕ್ಕ. ಇಪ್ಪತ್ತು ನಿಮಿಷ ಬಿಟ್ಟು ಕೇಳಿದರೆ ಹತ್ತಕ್ಕೆ ಹತ್ತು. ಎರಡು ಮೆಟ್ಟಿಲಿಗೊಂದು ಹೆಜ್ಜೆ ಇಟ್ಟು ಕೆಳಗೆ ಓಡಿ ತನ್ನ ಕಾಲೇಜು ತಂಡದ ಹಳೆಯ ಪ್ಲೇಬುಕ್ ತಂದ. ಆ ಚಳಿಗಾಲ ಪೂರ್ತಿ ನಾನು ಸಾಲು ಓದುತ್ತಿದ್ದೆ, ಅವನು ಕಣ್ಣು ಮುಚ್ಚಿ ಗೇಟಿನಿಂದ ಬಾಲ್ಕನಿಗೆ ನಡೆಯುತ್ತಿದ್ದ. ಆ ವರ್ಷವೇ ಒಂದು ತಂಡ ಅವನನ್ನು ಉಳಿಸಿಕೊಂಡಿತು. ನನ್ನ ಬದುಕಿನಲ್ಲಿ ನಾನು ಅಷ್ಟು ಹಿಗ್ಗಿದ್ದು ಕಡಿಮೆ.

ಆಮೇಲಿನ ಐದು ವರ್ಷದಲ್ಲಿ ನಾಲ್ಕು ತಂಡ. ಎಲ್ಲೂ ಅವನು ಮೊದಲನೆಯವನಲ್ಲ. ಮೊದಲನೆಯವನಿಗೆ ಪೆಟ್ಟಾದರೆ ಇರಲಿ ಎಂದು ಇಟ್ಟುಕೊಳ್ಳುವ ಎರಡನೆಯವನು, ಕೆಲವೊಮ್ಮೆ ಮೂರನೆಯವನು. ಟೋಪಿ ಹಾಕಿಕೊಂಡು ಗೆರೆಯಾಚೆ ನಿಂತು ಎಲ್ಲ ಸಾಲುಗಳನ್ನೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಕಾಯುವುದು ಅವನ ಕೆಲಸ. ತಂಡ ಬದಲಾದಾಗಲೆಲ್ಲ ಹೊಸ ಪುಸ್ತಕ, ಹಳೆಯ ಸಾಲುಗಳಿಗೇ ಹೊಸ ಹೆಸರು. ಆಗೆಲ್ಲ ನನಗೆ ಫೋನು. ಅಷ್ಟರಲ್ಲಿ ನಾನು ಮದುವೆಯಾಗಿ ಸ್ಯಾನ್ ಡಿಯಾಗೋದ ಮೀರಾ ಮೆಸಾಕ್ಕೆ ಬಂದಿದ್ದೆ. ಅವನ ಹೆಂಡತಿ ಅದೇ ಊರಿನ ಹುಡುಗಿ, ಪ್ರೈಮರಿ ಶಾಲೆಯಲ್ಲಿ ಟೀಚರ್. ಹೀಗಾಗಿ ಆಟವಿಲ್ಲದ ತಿಂಗಳುಗಳಲ್ಲಿ ಅವರ ಮನೆ ನಮ್ಮಿಂದ ಹತ್ತು ನಿಮಿಷದ ಡ್ರೈವ್. ಅವನು ಬಂದರೆ ನನ್ನ ಗಂಡ ಗ್ಯಾರೇಜಿನಿಂದ ಗಟ್ಟಿ ಕುರ್ಚಿ ತಂದು ಹಾಕುತ್ತಿದ್ದ.

ಎರಡು ಸಾವಿರದ ಹದಿನಾಲ್ಕರ ಒಂದು ಭಾನುವಾರ ಅವನ ತಂಡದ ಮೊದಲನೆಯವನ ಮೊಣಕಾಲು ಹೋಯಿತು. ಇವನು ಟೋಪಿ ತೆಗೆದು ಮೈದಾನಕ್ಕೆ ಇಳಿದ. ನಾನು ಟಿವಿ ಮುಂದೆ ಅವರೆಕಾಳು ಸುಲಿಯುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲೇ ಎದುರಿನವನೊಬ್ಬ ಪಕ್ಕದಿಂದ ಬಂದು ಕೆಡವಿದ. ತಲೆ ನೆಲಕ್ಕೆ ಬಡಿದು ಪುಟಿಯಿತು. ಎದ್ದ. ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಕೂಡಿಸಿ ಒಬ್ಬರು ಏನೋ ಕೇಳುತ್ತಿರುವುದು ಕಂಡಿತು. ಆಮೇಲೆ ಮತ್ತೆ ಆಡಲು ಬಿಟ್ಟರು.

ಸೋಮವಾರ ಫೋನ್ ಮಾಡಿದ. ದನಿಯಲ್ಲಿ ಹಬ್ಬ.

"ಅಕ್ಕಾ, ಅವರು ಪದಾ ಕೇಳಿದ್ರು. ನಿನ್ನ ಅದೇ ಪರೀಕ್ಷೆ! ಐದೇ ಪದ. ಗೇಟಿನ್ಯಾಗ ಒಂದು, ಟಪಾಲ್ ಪೆಟ್ಟಿಗ್ಯಾಗ ಒಂದು ಇಟ್ಟೆ. ನಂಗ ಸ್ಕೋರ್‌ಬೋರ್ಡ್ ಎರಡೆರಡು ಕಾಣಸ್ತಿತ್ತು. ಕೋಚ್‌ನ ಹೆಸರು ನೆನಪಾಗವಲ್ದಾಗಿತ್ತು. ಆದ್ರ ಪದಾ ಮಾತ್ರ ಎಲ್ಲಾ ಅಲ್ಲೇ ಕೂತಿದ್ದವು ನೋಡು."

ನಾನು ನಕ್ಕೆ. "ಶಾಭಾಷ್ ತಮ್ಮಾ" ಎಂದೆ. ಆ ಎರಡು ಮಾತು ನನ್ನ ಬಾಯಿಂದಲೇ ಬಂದವು. ಫೋನ್ ಇಟ್ಟ ಮೇಲೆ ಎಷ್ಟೋ ಹೊತ್ತಿಗೆ ಅವನು ಹೇಳಿದ್ದು ನನಗೆ ಪೂರ್ತಿ ಕೇಳಿಸಿತು.

ಎರಡೆರಡು ಕಾಣುವುದೆಂದರೆ ಏನೆಂದು ನನಗೆ ಗೊತ್ತಿಲ್ಲದೆ ಇಲ್ಲ. ಮಿದುಳು ಅಲುಗಿದೆ ಎಂದರ್ಥ. ಅದು ಸುಧಾರಿಸುವ ಮುಂಚೆ ಇನ್ನೊಂದು ಪೆಟ್ಟು ಬಿದ್ದರೆ ಏನಾಗುತ್ತದೆಂದು ದಿನವೂ ನೋಡುವವಳು ನಾನು. ಅಂಥವರನ್ನು ಹಿಡಿಯಲೆಂದೇ ಆ ಪರೀಕ್ಷೆ ಇರುವುದು. ಅದರಿಂದ ನುಣುಚಿಕೊಳ್ಳುವ ದಾರಿಯನ್ನು, ಮೆಟ್ಟಿಲು ಮೆಟ್ಟಿಲಾಗಿ, ನಾನೇ ಅವನಿಗೆ ಹಾಕಿಕೊಟ್ಟಿದ್ದೆ. ಅವನ ತಂಡದ ಡಾಕ್ಟರರಿಗಾಗಲಿ ಹೆಂಡತಿಗಾಗಲಿ ಅದು ಗೊತ್ತಿರಲಿಲ್ಲ. ನನಗೊಬ್ಬಳಿಗೆ ಗೊತ್ತಿತ್ತು.

ಮಂಗಳವಾರ ಅವನ ಹೆಂಡತಿಗೆ ಒಂದು ಮೆಸೇಜ್ ಬರೆದೆ. ಅಳಿಸಿದೆ. ಬುಧವಾರ ಅವನಿಗೇ ಫೋನ್ ಮಾಡಿ, "ತಮ್ಮಾ, ಡಾಕ್ಟರಿಗೆ ಖರೇ ಹೇಳಿಬಿಡು" ಎಂದೆ.

"ಈ ಭಾನುವಾರ ಶುರುವಿನಿಂದ ನಾನೇ ಆಡೂದು ಅಕ್ಕಾ. ಐದು ವರ್ಷ ಟೋಪಿ ಹಾಕ್ಕೊಂಡು ನಿಂತೀನಿ. ಇದೊಂದು ವಾರ ಯಾರಿಗೂ ಹೇಳಬ್ಯಾಡ."

"ತಲಿ ನೋಯ್ತದೇನು?"

"ಇಲ್ಲ" ಎಂದ. ತಡೆದು ಹೇಳಿದ ಇಲ್ಲ ಅದು. ತಡೆದದ್ದನ್ನು ನಾನು ಗಮನಿಸಿದೆ. ಜನರ ಮಾತು ಎಲ್ಲಿ ತಡೆಯುತ್ತದೆಂದು ಗಮನಿಸಿಯೇ ಸಂಬಳ ತೆಗೆದುಕೊಳ್ಳುವವಳಲ್ಲವೇ ನಾನು? ಆದರೂ ಸುಮ್ಮನಾದೆ. ನಾನು ಹೇಳಿದರೆ ಅವನ ಒಂದೇ ಅವಕಾಶ ಹೋಗುತ್ತದೆ, ಜನ್ಮದಲ್ಲಿ ಅವನು ನನ್ನನ್ನು ಅಕ್ಕ ಎನ್ನುವುದಿಲ್ಲ ಎಂದು ಹೆದರಿದೆ. ಸುಮ್ಮನಿದ್ದರೆ ಏನು ಹೋಗುತ್ತದೆಂದು ಲೆಕ್ಕ ಹಾಕಲಿಲ್ಲ.

ಆ ಭಾನುವಾರ ನಮ್ಮ ಮನೆಯಲ್ಲಿ ಇಪ್ಪತ್ತು ಜನ. ಮೀರಾ ಮೆಸಾದ ಕನ್ನಡದವರೆಲ್ಲ ಚಿತ್ರಾನ್ನ, ಮೊಸರನ್ನದ ಡಬ್ಬಿ ಹಿಡಿದು ಬಂದಿದ್ದರು. ಆಟ ಅರ್ಥವಾಗುತ್ತಿದ್ದವರು ಮಕ್ಕಳು ಮಾತ್ರ. ದೊಡ್ಡವರು ಮಕ್ಕಳನ್ನು ಕನ್ನಡದಲ್ಲಿ ಕೇಳುತ್ತಿದ್ದರು, ಮಕ್ಕಳು ಇಂಗ್ಲಿಷಿನಲ್ಲಿ ಬೈದುಕೊಂಡು ಹೇಳುತ್ತಿದ್ದರು. ಎರಡನೇ ಭಾಗದಲ್ಲಿ ಅವನು ಎದುರಿನವರು ನಿಂತ ರೀತಿ ನೋಡಿ ಮನಸ್ಸು ಬದಲಿಸಿ ತನ್ನವರಿಗೆ ಎರಡೂ ಕಡೆ ತಿರುಗಿ ಕೂಗಿದ. ಮೈದಾನದ ಮೈಕು ಅದನ್ನು ಹಿಡಿಯಿತು.

"ಮೂರು! ಮೂರು!"

ಎದುರಾಳಿಗಳಿಗೆ ತಿಳಿಯದಿರಲಿ ಎಂದು ಅವನು ತನ್ನವರಿಗೆ ಕನ್ನಡದ ಅಂಕಿ ಕಲಿಸಿದ್ದ. ನಮ್ಮ ಹಾಲ್ ಹಾರಿಬಿತ್ತು. "ನಮ್ ಭಾಷೇರೀ! ಟಿವೀಲಿ ನಮ್ ಭಾಷೆ!" ಎಂದು ಪಕ್ಕದ ಮನೆಯ ಅಂಕಲ್ ಕಣ್ಣೊರೆಸಿಕೊಂಡರು. ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಅವತ್ತು ಅವನನ್ನು ಆರು ಸಲ ನೆಲಕ್ಕೆ ಕೆಡವಿದರು. ನಾಲ್ಕನೇ ಸಲ ಎದ್ದವನು ತನ್ನ ತಂಡದ ಕಡೆ ಹೋಗದೆ ಎದುರಾಳಿಗಳ ಕಡೆ ಮೂರು ಹೆಜ್ಜೆ ನಡೆದ. ಜೊತೆಯವನೊಬ್ಬ ಹೆಗಲು ಹಿಡಿದು ತಿರುಗಿಸಿದ. ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು, "ಖುಷೀಲಿ ದಾರಿ ತಪ್ತು ನೋಡಿ" ಎಂದು ಯಾರೋ ಅಂದರು. ನಾನು ಎದ್ದು ಅಡುಗೆಮನೆಗೆ ಹೋಗಿ ಇಪ್ಪತ್ತು ಜನಕ್ಕೆ ಕಾಫಿ ಬೆರೆಸಿದೆ. ಅವನ ತಂಡ ಗೆದ್ದಿತು.

ಶುರುವಿನಿಂದ ಅವನು ಆಡಿದ್ದು ಜೀವನದಲ್ಲಿ ಅದೊಂದೇ ಆಟ. ಮುಂದಿನ ವಾರ ತಂಡ ಬೇರೊಬ್ಬ ಅನುಭವಸ್ಥನನ್ನು ತಂದುಕೊಂಡಿತು, ಇವನು ಮತ್ತೆ ಟೋಪಿ ಹಾಕಿಕೊಂಡು ನಿಂತ. ಇನ್ನೆರಡು ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ಬೆಳಗ್ಗೆ, ಪ್ಲೇಬುಕ್ ತೆಗೆದುಕೊಂಡು ಬಾ ಎಂದರು. ಅಷ್ಟರಲ್ಲಿ ಪುಸ್ತಕ ಹೋಗಿ ಟ್ಯಾಬ್ಲೆಟ್ ಬಂದಿತ್ತು, ಮಾತು ಮಾತ್ರ ಹಳೆಯದೇ. ಅವನು ಸ್ಯಾನ್ ಡಿಯಾಗೋಕ್ಕೆ ಬಂದು ಒಂದು ಹೈಸ್ಕೂಲಿನ ತಂಡಕ್ಕೆ ಕಲಿಸತೊಡಗಿದ. ಮಗಳಿಗೆ ಆಗ ಒಂದು ವರ್ಷ. ಎರಡನೇ ವರ್ಷ ಅಭ್ಯಾಸದ ಹೊತ್ತನ್ನೇ ಮರೆಯತೊಡಗಿದ, ಸಣ್ಣ ಮಾತಿಗೆ ಸಿಟ್ಟಾಗತೊಡಗಿದ. ಆ ಕೆಲಸವೂ ಹೋಯಿತು. ನಮ್ಮ ಮನೆಗೆ ಬಂದರೆ ಒಂದೇ ಕತೆಯನ್ನು ಎರಡು ಸಲ ಹೇಳುತ್ತಿದ್ದ. ಎರಡು ಸಲವೂ ನಾನು ಹೂಂ ಎನ್ನುತ್ತಿದ್ದೆ.

ಎರಡು ಸಾವಿರದ ಹತ್ತೊಂಬತ್ತರ ಒಂದು ಮಧ್ಯಾಹ್ನ ಅವನ ಹೆಂಡತಿ ಒಬ್ಬಳೇ ಬಂದಳು. ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ಕೂತಳು. ಚಹಾ ಕೊಟ್ಟೆ, ಕುಡಿಯಲಿಲ್ಲ.

"ಈ ತಿಂಗಳ ಮೂರನೇ ಸಲ" ಎಂದಳು. "ಮಗಳನ್ನ ಪ್ರೀಸ್ಕೂಲಿನಿಂದ ಕರಕೊಂಡು ಬರೂದು ಅವನ ಕೆಲಸ. ಅದು ಗೇಟಿನ್ಯಾಗ ಅಳ್ಕೋತ ನಿಂತಿತ್ತು. ಇವನು ಮನ್ಯಾಗ ಹುಲ್ಲು ಕತ್ತರಸ್ತಿದ್ದ."

"ಡಾಕ್ಟರಿಗೆ ತೋರ್ಸು" ಎಂದೆ.

"ತೋರಿಸಿ ಬಂದೆ. ಹತ್ತು ಪದಾ ಕೇಳಿದ್ರು, ಹತ್ತೂ ಹೇಳಿದ. ವಯಸ್ಸಿಗಿಂತ ನೆನಪು ಚಲೋ ಅದ ಅಂದ್ರು." ಅವಳು ನನ್ನನ್ನೇ ನೋಡಿದಳು. "ನೆನಪು ಚಲೋ ಇದ್ದು ಮಗಳನ್ನ ಮರೀತಾನಂದ್ರ, ಅವನಿಗೆ ನಾವು ಬ್ಯಾಡ ಅಂತ ಅಲ್ಲೇನು? ನಾನು ಮಗಳನ್ನ ಕರಕೊಂಡು ತಾಯಿ ಮನಿಗೆ ಹೋಗ್ತೀನಿ. ನಿನಗ ಹೇಳಿ ಹೋಗೂಣಂತ ಬಂದೆ."

ನಾರ್ತ್‌ರಿಜ್‌ನ ಮೆಟ್ಟಿಲು ಇನ್ನೂ ಅವನ ತಲೆಯಲ್ಲಿ ಗಟ್ಟಿಯಾಗಿತ್ತು. ಅವತ್ತು ರೋಗ ಮುಚ್ಚಿಡಲು ಅವನೇ ಬೇಕೆಂದು ಅದನ್ನು ಹತ್ತಿದ್ದ. ಇವತ್ತು ರೋಗ ಕಾಣಬೇಕಾದಾಗಲೂ, ಯಾರು ಪದ ಕೇಳಿದರೂ, ಕಾಲು ತಾನಾಗಿ ಅದನ್ನೇ ಹತ್ತುತ್ತಿತ್ತು. ಇಪ್ಪತ್ತು ನಿಮಿಷ ಪದಗಳು ಅಲ್ಲಿ ಕೂತಿರುತ್ತವೆ. ಡಾಕ್ಟರು ನೋಡುವುದು ಅಷ್ಟನ್ನೇ. ಮರುದಿನ ಅಲ್ಲಿ ಏನೂ ಇರುವುದಿಲ್ಲ.

ಹೇಳಿದೆ. ಗೇಟು, ಪೆಟ್ಟಿಗೆ, ನಿಂಬೆಗಿಡ, ಕುಕ್ಕರು, ಕುದುರೆ, ಸೋಮವಾರದ ಫೋನು, ಶಾಭಾಷ್. ಒಂದನ್ನೂ ಬಿಡಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು.

"ಅವನು ಶುರುವಿನಿಂದ ಆಡಿದ ಆ ಭಾನುವಾರಕ್ಕಿಂತ ಮೊದಲೇ ಗೊತ್ತಿತ್ತಾ ನಿನಗ?"

"ಗೊತ್ತಿತ್ತು."

ಅವಳು ಎದ್ದು, ಕುಡಿಯದ ಚಹಾವನ್ನು ಸಿಂಕಿಗೆ ಚೆಲ್ಲಿ, ಕಪ್ಪನ್ನು ತೊಳೆದು ಬೋರಲು ಹಾಕಿ ಹೋದಳು. ಅವಳು ಬೈದಿದ್ದರೆ ನಾನು ಅಷ್ಟು ಸೋಲುತ್ತಿರಲಿಲ್ಲ.

ಅದೇ ವಾರ ಅವರ ಡಾಕ್ಟರರಿಗೆ ಎಲ್ಲವನ್ನೂ ಕಾಗದದಲ್ಲಿ ಬರೆದುಕೊಟ್ಟೆ. ಪದಗಳ ಪಟ್ಟಿ ಬೇಡ, ಒಂದು ಕತೆ ಹೇಳಿ, ಮರುದಿನ ಫೋನ್ ಮಾಡಿ ಕೇಳಿ ಎಂದು ಬರೆದೆ. ಅವರು ಹಾಗೇ ಮಾಡಿದರು. ಯಾವ ಕತೆ ಎಂದು ಇವನು ಕೇಳಿದನಂತೆ. ಆಮೇಲೆ ಸ್ಕ್ಯಾನು, ಬೇರೆ ಬೇರೆ ಪರೀಕ್ಷೆ, ಮಾತ್ರೆ. ಅವಳು ತಾಯಿಯ ಮನೆಗೆ ಹೋಗಲಿಲ್ಲ. ಅವನಿಗೆ ನಾವು ಬೇಡವಾದೆವು ಎನ್ನುವುದಕ್ಕಿಂತ ಅವನಿಗೆ ಕಾಯಿಲೆ ಎನ್ನುವುದು ಅವಳಿಗೆ ತಡೆದುಕೊಳ್ಳಲು ಸುಲಭವಾಯಿತು. ಐದು ವರ್ಷ ಮುಂಚೆ ತಿಳಿದಿದ್ದರೆ ಎರಡೂ ಬೇಕಾಗುತ್ತಿರಲಿಲ್ಲವೇನೋ. ಈ ‘ಏನೋ’ ನನ್ನ ಗಂಡನಿಗೆ ದೊಡ್ಡ ಸಮಾಧಾನ. ನನಗೆ ಅದರಿಂದ ಏನೂ ಆಗುವುದಿಲ್ಲ.

ಈಗ ಶನಿವಾರ ಬೆಳಗ್ಗೆ ಅವಳು ಅವನನ್ನು ನಮ್ಮ ಮನೆಗೆ ತಂದು ಬಿಡುತ್ತಾಳೆ. ಒಳಗೆ ಬರುವುದಿಲ್ಲ, ಕಾರಿನಲ್ಲೇ ಕೂತಿರುತ್ತಾಳೆ, ಹಿಂದಿನ ಸೀಟಿನಲ್ಲಿ ಮಗಳು. ನಾನು ಅವನ ಜೊತೆ ಒಂದು ಗಂಟೆ ಕೆಲಸ ಮಾಡುತ್ತೇನೆ. ಯಾವ ದಾರಿ ಅವನನ್ನು ಕೆಡಿಸಿತೋ ಅದರಲ್ಲೇ ಏನಾದರೂ ಉಪಯೋಗವಾದೀತೆಂದು ಹೋದ ಶನಿವಾರ ಒಂದು ಪ್ರಯತ್ನ ಮಾಡಿದೆ.

"ಕುಕ್ಕರ್ ಮ್ಯಾಲಿನ ಕುದರಿ ಇಳಸು" ಎಂದೆ. "ಅಲ್ಲಿ ನಿನ್ನ ಮಗಳನ್ನ ಕೂಡ್ಸು. ಕೈಯಾಗ ಶಾಲಿ ಚೀಲ. ಸೀಟಿ ಹೊಡೀತದ, ಆಕಿ ಅಪ್ಪಾ ಬಾ ಅಂತ ಒದರ್ತಾಳ. ಮೂರು ಗಂಟೆಕ್ಕ."

ಅವನು ಕಣ್ಣು ಮುಚ್ಚಿ ತುಂಬ ಹೊತ್ತು ಕೂತ. "ಕೂಡ್ಸಿದೆ ಅಕ್ಕಾ" ಎಂದ. ಇಪ್ಪತ್ತು ನಿಮಿಷ ಬಿಟ್ಟು ಕೇಳಿದೆ. ಮಗಳು ಕುಕ್ಕರಿನ ಮೇಲೆ ಕೂತಿದ್ದಳು.

ಈ ಶನಿವಾರ ಅವನು ಬಂದು ಗಟ್ಟಿ ಕುರ್ಚಿಯಲ್ಲಿ ಕೂತ ಕೂಡಲೇ ಬೇರೆ ಏನೂ ಮಾತಾಡದೆ ಕೇಳಿದೆ.

"ಕುಕ್ಕರ್ ಮ್ಯಾಲೆ ಯಾರದಾರ?"

ಅವನು ಕಣ್ಣು ಮುಚ್ಚಿದ. ತುಟಿ ಅಲುಗುತ್ತಿದ್ದವು: ಒಂದು, ಎರಡು, ಮೂರು. ಎಂಟಕ್ಕೆ ಬಂದಾಗ ಮುಖ ಅರಳಿತು. ನಾರ್ತ್‌ರಿಜ್‌ನಲ್ಲಿ ಮೊದಲ ಸಲ ಹತ್ತಕ್ಕೆ ಹತ್ತು ಬಂದಾಗ ಅರಳಿದ ಹಾಗೆಯೇ.

"ಕುದರಿ" ಎಂದ. "ಸರಿ ಹೇಳ್ದೆ ಅಲ್ಲಾ, ಅಕ್ಕಾ?"

ಕಿಟಕಿಯಾಚೆ ಕಾರಿನಲ್ಲಿ ಅವನ ಮಗಳು ಗಾಜಿಗೆ ಮೂಗು ಒತ್ತಿಕೊಂಡು ನಮ್ಮ ಬಾಗಿಲನ್ನೇ ನೋಡುತ್ತಿದ್ದಳು.

"ಸರಿ ಅದ" ಎಂದೆ.